ರೊಟ್ಟಿ-ಚಟ್ನಿ ಅಂಗಡಿಗೆ ಇನ್‌ಕ್ಯುಬೇಟರ್ ಬೇಕಾ? ಸೇರಿ ನೋಡಿದವರ ರಿವ್ಯೂ

ಇನ್‌ಕ್ಯುಬೇಟರ್ ಅಂದರೆ ಹೊಸ ಉದ್ಯಮಗಳಿಗೆ ಜಾಗ, ಯಂತ್ರ, ತರಬೇತಿ, ಸಲಹೆ ಕೊಟ್ಟು ಬೆಳೆಸುವ ಕೇಂದ್ರ. ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರು ಅಂಕ. ಆ ಮೂರೂ ಅವರ ಅಡುಗೆ ಶೆಡ್ಡಿಗೆ, ಲ್ಯಾಬಿಗೆ ಮತ್ತು ಲೆಕ್ಕ ಹೇಳಿಕೊಟ್ಟ ಒಬ್ಬ ಸರ್‌ಗೆ. ಕಡಿತವಾದ ಎರಡು ಅಂಕ ವೇದಿಕೆ, ಮೈಕು, ಪಿಪಿಟಿ, ಶಾಲು-ಮೊಮೆಂಟೊಗಳ ಖಾತೆಗೆ. ಯಾವ ಇನ್‌ಕ್ಯುಬೇಟರ್ ಎಂದು ಹೆಸರು ಹಾಕುವುದಿಲ್ಲ. ಉತ್ತರ ಕರ್ನಾಟಕದ ಒಂದು ಕಾಲೇಜಿನ ಆವರಣದಲ್ಲಿದೆ ಎಂದಷ್ಟೇ ತಿಳಿದುಕೊಳ್ಳಿ. ಹೆಸರು ಹಾಕಿದರೆ ಅಲ್ಲಿ ನಮಗೆ ನಿಜವಾಗಿ ಸಹಾಯ ಮಾಡಿದ ಹುಡುಗ ಹುಡುಗಿಯರಿಗೂ ಸುಮ್ನೆ ಮುಜುಗರ. ಮೇಲಾಗಿ, ನಾನು ಹೇಳುವ ಒಳ್ಳೆಯದು ಕೆಟ್ಟದ್ದು ಎರಡೂ ಇಂಥ ಬಹಳ ಕಡೆ ಇವೆ ಅಂತ ಬೇರೆ ಬೇರೆ ಊರಿನ ಅಂಗಡಿಯವರ ಜೊತೆ ಮಾತಾಡಿದಾಗ ಗೊತ್ತಾಯಿತು.

ನಮ್ಮದು ಗದಗ ಕಡೆಯ ಮನೆ. ಅತ್ತೆಯವರು ಶುರು ಮಾಡಿದ್ದು ಖಡಕ್ ರೊಟ್ಟಿ. ಆಮೇಲೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ ಸೇರಿದವು, ಹಬ್ಬ ಬಂದರೆ ಶೇಂಗಾ ಹೋಳಿಗೆ. ಮಾವನವರು ಗಲ್ಲೆಯ ಮೇಲೆ ಕೂರುತ್ತಾರೆ, ಉದ್ರಿ ಪುಸ್ತಕ ಅವರ ಕೈಯಲ್ಲೇ. ನಮ್ಮ ಮನೆಯವರು ಬೈಕಿನಲ್ಲಿ ಅಂಗಡಿ ಅಂಗಡಿಗೆ ಮಾಲು ಹಾಕಿ ಬರುತ್ತಾರೆ. ಬಿಲ್ಲು, ವಾಟ್ಸ್ಯಾಪ್ ಆರ್ಡರ್, ಕೊರಿಯರ್ ನನ್ನ ಪಾಲಿಗೆ. ರೊಟ್ಟಿ ಬಡಿಯಲು ಓಣಿಯ ಇಬ್ಬರು ಬರುತ್ತಾರೆ. ಇದಕ್ಕೆ ಕಂಪನಿ, ಬೋರ್ಡು, ಸಿಇಒ ಏನೂ ಇಲ್ಲ. ಮಾವನವರ ಹೆಸರಲ್ಲಿ ಟ್ರೇಡ್ ಲೈಸೆನ್ಸ್, ಅತ್ತೆಯವರ ಕೈಯಲ್ಲಿ ರುಚಿ. ನಮ್ಮಂಥ ಮನೆಗಳು ರಾಜ್ಯದ ತುಂಬಾ ಇವೆ ಅಲ್ವಾ? ಉಡುಪಿ ಕಡೆ ಹಪ್ಪಳ, ಶಿರಸಿ ಕಡೆ ಹಲಸಿನ ಚಿಪ್ಸು, ದಾವಣಗೆರೆಯಲ್ಲಿ ಮಂಡಕ್ಕಿ. ಹಾಗಾಗಿ ಈ ರಿವ್ಯೂ ಅವರಿಗಾಗಿ. ಆ್ಯಪ್ ಮಾಡುವವರಿಗೆ, ಡ್ರೋನ್ ಮಾಡುವವರಿಗೆ ಇದರಿಂದ ಏನೂ ಸಿಗಲ್ಲ.

ಸೇರುವ ಫಾರ್ಮಿನಲ್ಲೇ ಮೊದಲ ತೊಡಕು. "ಫೌಂಡರ್ ಹೆಸರು" ಎಂಬ ಒಂದು ಸಾಲು. ಒಂದೇ ಸಾಲು. ಅತ್ತೆಯವರ ಹೆಸರು ಬರೆದೆವು. ಇಂಟರ್‌ವ್ಯೂನಲ್ಲಿ ಅವರನ್ನು ಒಂದೆರಡು ಪ್ರಶ್ನೆ ಕೇಳಿದರು, ಅವರು ಕನ್ನಡದಲ್ಲಿ ಉತ್ತರ ಕೊಟ್ಟರು, ಆಮೇಲೆ ಎಲ್ಲರ ಮುಖ ಇಂಗ್ಲಿಷ್ ಬರುವ ನಮ್ಮ ಮನೆಯವರ ಕಡೆ ತಿರುಗಿತು. ಅಲ್ಲಿಂದ ಕೊನೆತನಕ ಫೋನ್ ಬಂದದ್ದು ಅವರಿಗೇ, ಐಡಿ ಕಾರ್ಡ್ ಆದದ್ದೂ ಅವರ ಹೆಸರಲ್ಲೇ. ಆದರೆ ಮನೆಯಲ್ಲಿ ಚಟ್ನಿಗೆ ಬೆಳ್ಳುಳ್ಳಿ ಎಷ್ಟು ಹಾಕಬೇಕು ಅಂತ ಅವರಿಗೆ ಗೊತ್ತಿಲ್ಲ, ಯಾವ ಅಂಗಡಿಯವನಿಗೆ ಎಷ್ಟು ಉದ್ರಿ ಬಿಡಬಹುದು ಅನ್ನುವುದೂ ಗೊತ್ತಿಲ್ಲ. ಅದು ಅತ್ತೆ-ಮಾವನವರ ವಿಷಯ. ಮನೆ ವ್ಯಾಪಾರದಲ್ಲಿ ತೀರ್ಮಾನ ರಾತ್ರಿ ಊಟದ ಹೊತ್ತಿಗೆ ನಾಲ್ಕು ಜನ ಕೂತು ಆಗುತ್ತದೆ. ಇನ್‌ಕ್ಯುಬೇಟರ್‌ನವರು ಮಗನಿಗೆ ಪಾಠ ಹೇಳಿ ಕಳಿಸುತ್ತಾರೆ, ಮಗ ಮನೆಗೆ ಬಂದು ಅರ್ಧ ಹೇಳುತ್ತಾನೆ, ಅಪ್ಪ ಅದರಲ್ಲಿ ಅರ್ಧ ಕೇಳುತ್ತಾರೆ. ಕೊನೆಗೆ ಉಳಿಯುವುದು ಕಾಲು ಭಾಗ. ಕೋರ್ಸ್ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಒಂದು ಮನೆಯಿಂದ ಇಬ್ಬರನ್ನು ಕೂರಿಸಿಕೊಳ್ಳಿ, ಅದರಲ್ಲಿ ಒಬ್ಬರು ಹಿರಿಯರಿರಲಿ, ಪಾಠ ಕನ್ನಡದಲ್ಲಿರಲಿ. ಇಷ್ಟು ಮಾಡಿದರೆ ಅರ್ಧ ಕೆಲಸ ಆದ ಹಾಗೆ.

ಈಗ ಒಳ್ಳೆಯದಕ್ಕೆ ಬರುತ್ತೇನೆ. ಶೆಡ್ಡು.

ಶೆಡ್ಡಿನಲ್ಲಿ ಹುರಿಯುವ ಡ್ರಮ್ಮು, ಜೋರಾಗಿ ತಿರುಗಿ ಪುಡಿ ಮಾಡುವ ಪಲ್ವರೈಸರ್, ಕುಟ್ಟುವ ಯಂತ್ರ, ಪ್ಯಾಕೆಟ್ಟಿಗೆ ನೈಟ್ರೋಜನ್ ತುಂಬಿ ಸೀಲ್ ಮಾಡುವ ಯಂತ್ರ, ತೇವಾಂಶ ನೋಡುವ ಮೀಟರ್ ಇವೆ. ಗಂಟೆ ಲೆಕ್ಕದಲ್ಲಿ ಬಾಡಿಗೆ. ಇವನ್ನೆಲ್ಲ ಒಂದು ಮನೆ ಕೊಂಡು ಹಾಕಲು ಆಗುವುದಿಲ್ಲ, ಕೊಂಡರೂ ದಿನವಿಡೀ ಓಡಿಸುವಷ್ಟು ಕೆಲಸ ಇರುವುದಿಲ್ಲ. ಹತ್ತು ಮನೆ ಸೇರಿ ಬಳಸಿದರೆ ಮಾತ್ರ ಗಿಟ್ಟುತ್ತದೆ.

ಮೊದಲ ಸಲ ಅತ್ತೆಯವರು ಅಲ್ಲಿಗೆ ಹೋದಾಗ ಪಲ್ವರೈಸರ್‌ಗೆ ಹುರಿದ ಶೇಂಗಾ ಸುರಿದರು. ಯಂತ್ರ ನೋಡಿಕೊಳ್ಳುವ ಹುಡುಗ ಬಟನ್ ಒತ್ತಿ ಪಕ್ಕಕ್ಕೆ ನಿಂತ. ಒಂದು ನಿಮಿಷ ಆಗಿಲ್ಲ, ಸದ್ದು ಬದಲಾಯಿತು. ಅತ್ತೆಯವರು ಕಿವಿ ಕೊಟ್ಟು ಕೇಳಿ, "ಏ ತಮ್ಮಾ, ನಿಲ್ಸೋ, ಇದು ಚಟ್ನಿ ಅಲ್ಲ, ಉಂಡಿ ಆಗೇತಿ" ಅಂದರು. ತೆಗೆದು ನೋಡಿದರೆ ಹೌದು, ಎಣ್ಣೆ ಬಿಟ್ಟು ಜಾಲರಿಗೆ ಮೆತ್ತಿಕೊಂಡಿತ್ತು. ಶೇಂಗಾದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ ಇರುತ್ತದೆ. ಬಿಸಿ ಇರುವಾಗ ಜೋರಾಗಿ ತಿರುಗುವ ಯಂತ್ರಕ್ಕೆ ಹಾಕಿದರೆ ಇನ್ನಷ್ಟು ಬಿಸಿಯಾಗಿ ಎಣ್ಣೆ ಹೊರಗೆ ಬರುತ್ತದೆ. ಮನೆಯಲ್ಲಿ ಕುಟ್ಟಿದಾಗ ಹೀಗಾಗುವುದಿಲ್ಲ, ತರಿ ತರಿಯಾಗಿ ಉಳಿಯುತ್ತದೆ, ಎಣ್ಣೆ ಬೇಕಾದಷ್ಟೇ ಬರುತ್ತದೆ. ಅಲ್ಲಿನ ಫುಡ್ ಟೆಕ್ನಾಲಜಿ ಹುಡುಗಿಯೊಬ್ಬಳು, ತುಂಬಾ ಚುರುಕು, ಅತ್ತೆಯವರ ಪಕ್ಕದಲ್ಲೇ ನಿಂತು ಸರಿ ಮಾಡಿದಳು. ಹುರಿದ ಶೇಂಗಾ ತಟ್ಟೆಯಲ್ಲಿ ಹರವಿ ಪೂರ್ತಿ ಆರಬೇಕು. ಸಿಪ್ಪೆ ಕೇರಬೇಕು. ಕುಟ್ಟುವ ಯಂತ್ರಕ್ಕೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು, ಖಾರ-ಜೀರಿಗೆ-ಉಪ್ಪು ಮೊದಲೇ ಪುಡಿ ಆಗಿರಬೇಕು, ಬೆಳ್ಳುಳ್ಳಿ ಕೊನೆಗೆ. ಬೆಳ್ಳುಳ್ಳಿಯಲ್ಲಿ ನೀರಿರುತ್ತದೆ, ಅದು ಜಾಸ್ತಿಯಾದರೆ ಚಟ್ನಿ ಬೇಗ ಕೆಡುತ್ತದೆ. ಹಾಗಾಗಿ ಪ್ಯಾಕೆಟ್ಟಿಗೆ ಹೋಗುವ ಚಟ್ನಿಗೆ ಬೆಳ್ಳುಳ್ಳಿಯನ್ನು ಹುರಿದು ಗರಿಗರಿ ಮಾಡಿ ಹಾಕುವುದು ಅಂತ ಇಬ್ಬರೂ ಸೇರಿ ಗೊತ್ತು ಮಾಡಿದರು. ರುಚಿ ಸ್ವಲ್ಪ ಬೇರೆ ಆಯಿತು, ಕೆಟ್ಟದೇನಲ್ಲ. ಅಂಗಡಿಯಲ್ಲಿ ಬಿಡಿಯಾಗಿ ಮಾರುವುದಕ್ಕೆ ಈಗಲೂ ಹಸಿ ಬೆಳ್ಳುಳ್ಳಿಯೇ. ಇದನ್ನು ಯಾವ ಪಿಪಿಟಿಯೂ ಹೇಳಿಕೊಡಲ್ಲ.

ಲ್ಯಾಬಿನ ಕೆಲಸ ಇನ್ನೂ ಚೆನ್ನಾಗಿತ್ತು. ಶೇಂಗಾ ಚಟ್ನಿ ಹಾಳಾಗುವುದು ಬೂಸ್ಟು ಬಂದು ಮಾತ್ರ ಅಲ್ಲ, ಎಣ್ಣೆ ಕಮಟು ಹಿಡಿದೂ ಹಾಳಾಗುತ್ತದೆ. ಗಾಳಿ, ಬೆಳಕು, ಬಿಸಿ ಮೂರೂ ಸೇರಿದರೆ ಎಣ್ಣೆ ಕೆಡುತ್ತದೆ, ಬೇಸಿಗೆಯಲ್ಲಿ ಅಂಗಡಿಯ ಗಾಜಿನ ಕಪಾಟಿನಲ್ಲಿಟ್ಟ ಪ್ಯಾಕೆಟ್ಟಿಗಂತೂ ಮೂರೂ ಸಿಗುತ್ತವೆ. ನಾವು ಬಳಸುತ್ತಿದ್ದದ್ದು ಒಳಗಿನದು ಕಾಣುವ ತೆಳು ಕವರ್. ಮಾಲು ಕಾಣಬೇಕು, ಕಂಡರೆ ತಾನೇ ಕೊಳ್ಳುವುದು ಅನ್ನುವುದು ಮಾವನವರ ವಾದ. ಲ್ಯಾಬಿನಲ್ಲಿ ಅದೇ ಚಟ್ನಿಯನ್ನು ಎರಡು ಥರದ ಕವರಿನಲ್ಲಿ ಹಾಕಿ, ಬಿಸಿ ಮತ್ತು ತೇವ ಜಾಸ್ತಿ ಇರುವ ಪೆಟ್ಟಿಗೆಯಲ್ಲಿಟ್ಟು, ಎಣ್ಣೆ ಎಷ್ಟು ಕೆಟ್ಟಿದೆ ಅಂತ ತೋರಿಸುವ ಪೆರಾಕ್ಸೈಡ್ ಪ್ರಮಾಣ ಆಗಾಗ ನೋಡಿದರು. ತೆಳು ಕವರಿನದು ಬೇಗ ಏರಿತು, ಒಳಗೆ ಅಲ್ಯೂಮಿನಿಯಂ ಪದರ ಇರುವ ಕವರಿನದು ನಿಧಾನ. ಮಾವನವರಿಗೆ ಅಂಕಿ ತೋರಿಸಲಿಲ್ಲ, ಎರಡೂ ಪ್ಯಾಕೆಟ್ ಬಿಚ್ಚಿ ಮೂಗಿನ ಹತ್ತಿರ ಹಿಡಿದರು. ಅಲ್ಲಿಗೆ ಮುಗಿಯಿತು ಜಗಳ. ಶೇಂಗಾಕ್ಕೆ ಅಫ್ಲಾಟಾಕ್ಸಿನ್ ಪರೀಕ್ಷೆ ಅಂತಲೂ ಒಂದಿದೆ, ತೇವ ಹಿಡಿದ ಕಾಳಿಗೆ ಬರುವ ಬೂಸ್ಟಿನ ವಿಷ ಅದು, ಕಣ್ಣಿಗೆ ಕಾಣಲ್ಲ, ಹುರಿದರೂ ಪೂರ್ತಿ ಹೋಗಲ್ಲ. ಶೇಂಗಾ ಖರೀದಿ ಮಾಡುವಾಗ ಸುಕ್ಕು ಬಿದ್ದ, ಬಣ್ಣ ಗೆಟ್ಟ ಕಾಳು ಆರಿಸಿ ತೆಗೆಯುವುದು ಎಷ್ಟು ಮುಖ್ಯ ಅಂತ ಅತ್ತೆಯವರಿಗೆ ಗೊತ್ತಿತ್ತು, ಯಾಕೆ ಅನ್ನುವುದು ಈಗ ಗೊತ್ತಾಯಿತು.

ಲೇಬಲ್ ವಿಷಯ ಬೇಗ ಹೇಳುತ್ತೇನೆ. ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಚಿಹ್ನೆ ಮತ್ತು 14 ಅಂಕಿಯ ಸಂಖ್ಯೆ, ಹಸಿರು ಗುರುತು, ತೂಕ, ಎಂಆರ್‌ಪಿ, ಬ್ಯಾಚ್ ನಂಬರ್, ತಯಾರಿಸಿದ ದಿನ, ಎಲ್ಲಿಯವರೆಗೆ ಬಳಸಬಹುದು, ಏನೇನು ಹಾಕಿದ್ದೀರಿ, ಮತ್ತು "ಶೇಂಗಾ ಇದೆ" ಎಂಬ ಅಲರ್ಜಿ ಸೂಚನೆ. ಶೇಂಗಾ ಚಟ್ನಿಯಲ್ಲಿ ಶೇಂಗಾ ಇದೆ ಅಂತ ಬರೆಯಬೇಕಾ ಎಂದು ಮಾವನವರು ನಕ್ಕರು. ಬರೆಯಲೇಬೇಕು. ಎಫ್‌ಎಸ್‌ಎಸ್‌ಎಐ ಮೂಲ ನೋಂದಣಿಯ ಸರ್ಕಾರಿ ಶುಲ್ಕ ನಾವು ಮಾಡಿಸಿದಾಗ ವರ್ಷಕ್ಕೆ ಬರೀ 100 ರೂಪಾಯಿ. ಊರಿನ ಏಜೆಂಟ್ ಅದಕ್ಕೆ ಸಾವಿರಗಟ್ಟಲೆ ಕೇಳಿದ್ದ. ಇನ್‌ಕ್ಯುಬೇಟರ್‌ನಲ್ಲಿ ಕೂತು ನಾನೇ ಆನ್‌ಲೈನ್‌ನಲ್ಲಿ ತುಂಬಿದೆ. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ದಾಖಲು ಮಾಡಿಸುವ ಉದ್ಯಮ್ ನೋಂದಣಿ ಅಂತೂ ಪೂರ್ತಿ ಉಚಿತ, ಒಂದು ರೂಪಾಯಿಯೂ ಕೊಡಬೇಡಿ.

ಇನ್ನು ಆ ಲೆಕ್ಕದ ಸರ್. ಬ್ಯಾಂಕಿನಿಂದ ನಿವೃತ್ತಿಯಾದವರು, ವಾರಕ್ಕೊಮ್ಮೆ ಬರುತ್ತಿದ್ದರು. ಇಡೀ ಕೋರ್ಸಿನಲ್ಲಿ "ನಿಮ್ಮ ಉದ್ರಿ ಪುಸ್ತಕ ತನ್ನಿ" ಅಂದವರು ಅವರೊಬ್ಬರೇ. ಮಾವನವರು ಹಿಂಜರಿದರು, ಆಮೇಲೆ ತಂದರು. ಕಾಲು ಕೆಜಿ ಶೇಂಗಾ ಚಟ್ನಿ ಪ್ಯಾಕೆಟ್ ನಾವು 90 ರೂಪಾಯಿಗೆ ಮಾರುತ್ತಿದ್ದೆವು. ಶೇಂಗಾ, ಖಾರ, ಬೆಳ್ಳುಳ್ಳಿ, ಗ್ಯಾಸು, ಕವರು ಎಲ್ಲ ಸೇರಿ 50ರ ಆಸುಪಾಸು. ಅಂದರೆ 40 ಉಳಿಯಿತು ಅಂತ ಮನೆಯ ಲೆಕ್ಕ. ಸರ್ ಒಂದೊಂದಾಗಿ ಕಳೆಯುತ್ತಾ ಹೋದರು. ಅಂಗಡಿಯವನ ಪಾಲು 16. ಬೈಕಿನ ಪೆಟ್ರೋಲು. ವಾಪಸ್ ಬಂದ ಪ್ಯಾಕೆಟ್. ಆಮೇಲೆ ಪೆನ್ನು ಕೆಳಗಿಟ್ಟು, ಅತ್ತೆಯವರ ಕಡೆ ನೋಡಿ, "ಅಮ್ಮಾ, ನೀವು ದಿನಕ್ಕೆ ಎಷ್ಟು ಹೊತ್ತು ದುಡಿಯುತ್ತೀರಿ?" ಅಂದರು. ಅತ್ತೆಯವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಬೆಳಿಗ್ಗೆ ಎದ್ದಾಗಿಂದ ಮಲಗುವ ತನಕ ಅಂತ ಹೇಳಬೇಕಾ? ಓಣಿಯಿಂದ ಬರುವ ಇಬ್ಬರಿಗೆ ಕೊಡುವ ಕೂಲಿಯ ದರದಲ್ಲೇ ಅತ್ತೆಯವರಿಗೂ ನನಗೂ ಕೂಲಿ ಹಿಡಿದರೆ ಆ ಪ್ಯಾಕೆಟ್ಟಿನಲ್ಲಿ ಉಳಿಯುವುದು ಮೂರೋ ನಾಲ್ಕೋ ರೂಪಾಯಿ. ರೊಟ್ಟಿಯ ಲೆಕ್ಕ ಇನ್ನೂ ಕೆಟ್ಟದಿತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ.

ಆ ದಿನ ಮನೆಯಲ್ಲಿ ಯಾರೂ ಜಾಸ್ತಿ ಮಾತಾಡಲಿಲ್ಲ. ಆದರೆ ತಿಂಗಳೊಳಗೆ ಬೆಲೆ ಬದಲಾಯಿತು, ದೂರದ ಎರಡು ಅಂಗಡಿ ಬಿಟ್ಟೆವು, ಅತ್ತೆಯವರ ಹೆಸರಲ್ಲಿ ಒಂದು ಖಾತೆ ತೆರೆದು ತಿಂಗಳಿಗೆ ಇಷ್ಟು ಅಂತ ಹಾಕಲು ಶುರು ಮಾಡಿದೆವು. ಮನೆ ವ್ಯಾಪಾರ ಲಾಭದಲ್ಲಿದೆ ಅಂತ ಅನ್ನಿಸುವುದು ಎಷ್ಟೋ ಸಲ ಹೆಂಗಸರ ಕೂಲಿ ಲೆಕ್ಕಕ್ಕೆ ಬಾರದೇ ಇರುವುದರಿಂದ. ನನ್ನ ಮಟ್ಟಿಗೆ ಇಡೀ ಕೋರ್ಸಿನ ಶುಲ್ಕ ಆ ಒಂದು ಮಧ್ಯಾಹ್ನಕ್ಕೇ ವಸೂಲಾಯಿತು.

ಹಾಗಾದರೆ ಎರಡು ಅಂಕ ಯಾಕೆ ಕಡಿಮೆ? ವೇದಿಕೆಗೆ.

ಕೋರ್ಸಿನ ಅರ್ಧ ಹೊತ್ತು ಪಿಚ್ ಮಾಡುವುದನ್ನು ಕಲಿಸುವುದಕ್ಕೆ ಹೋಯಿತು. ಮೂರು ನಿಮಿಷದಲ್ಲಿ ನಿಮ್ಮ ವ್ಯಾಪಾರ ಹೇಳಿ, ಮಾರುಕಟ್ಟೆ ಎಷ್ಟು ಕೋಟಿ ಇದೆ ಹೇಳಿ, ಐದು ವರ್ಷದಲ್ಲಿ ಎಷ್ಟು ಊರಿಗೆ ಹೋಗುತ್ತೀರಿ ಹೇಳಿ. ಬೆಂಗಳೂರಿನಿಂದ ಬಂದ ಮೆಂಟರ್ ಒಬ್ಬರು ನಮ್ಮ ಮನೆಯವರಿಗೆ "ಸ್ಕೇಲ್ ಮಾಡಿ, ಸ್ಕೇಲ್ ಮಾಡಿ", ಅಂದರೆ ವ್ಯಾಪಾರ ದೊಡ್ಡದು ಮಾಡಿ, ಅಂತ ಹೇಳಿ ಹೇಳಿ, ರೊಟ್ಟಿ ಬಡಿಯುವುದನ್ನು ಯಂತ್ರಕ್ಕೆ ಹಾಕಿ ಅಂದರು. ಜೋಳದ ಹಿಟ್ಟಿನಲ್ಲಿ ಗೋಧಿಯ ಜಿಗುಟು ಇಲ್ಲ ಸ್ವಾಮಿ. ಕುದಿಯುವ ನೀರು ಹಾಕಿ ನಾದಿದರೆ ಮಾತ್ರ ಹಿಟ್ಟು ಒಂದಾಗುತ್ತದೆ, ಕೈ ಬಡಿತಕ್ಕೆ ಅಂಚು ಬಿರಿಯದಂತೆ ಹರಡುತ್ತದೆ. ಯಂತ್ರಗಳಿವೆ, ಇಲ್ಲ ಅಂತಲ್ಲ, ಬಳಸುವವರೂ ಇದ್ದಾರೆ. ಆದರೆ ನಮ್ಮ ಗಿರಾಕಿ ಕೊಳ್ಳುವುದೇ ಆ ತೆಳುವಿಗೆ. ಯಂತ್ರದ ರೊಟ್ಟಿ ದಪ್ಪ ಅಂತ ಕೈಯಲ್ಲಿ ಹಿಡಿದೇ ಹೇಳಿಬಿಡುತ್ತಾರೆ.

ಇಂಥ ಮೆಂಟರ್‌ಗಳು ಹೇಳುವ ಕಥೆ ಎರಡೇ. ಒಂದು ಐಡಿ ಹಿಟ್ಟಿನದು, ಸೋದರ ಸಂಬಂಧಿಗಳು ಸೇರಿ 2005ರಲ್ಲಿ ಬೆಂಗಳೂರಿನ ಪುಟ್ಟ ಜಾಗದಲ್ಲಿ ಇಡ್ಲಿ-ದೋಸೆ ಹಿಟ್ಟು ಶುರು ಮಾಡಿದ್ದು. ಇನ್ನೊಂದು ಎಂಟಿಆರ್. ಎರಡೂ ಒಳ್ಳೆಯ ಕಥೆಗಳೇ, ನಮ್ಮವರು ಅನ್ನುವ ಹೆಮ್ಮೆಯೂ ಇದೆ. ಆದರೆ ಎಂಟಿಆರ್ ಕಥೆಯ ಅರ್ಧ ಮಾತ್ರ ಹೇಳುತ್ತಾರೆ. 1924ರಲ್ಲಿ ಹೋಟೆಲಾಗಿ ಶುರುವಾದ ಆ ಮನೆಯವರು 2007ರಲ್ಲಿ ಪ್ಯಾಕೆಟ್ ಪದಾರ್ಥಗಳ ಕಂಪನಿಯನ್ನು ನಾರ್ವೆಯ ಓರ್ಕ್ಲಾಗೆ ಮಾರಿದರು, ಲಾಲ್‌ಬಾಗ್ ಪಕ್ಕದ ಹೋಟೆಲು ಮಾತ್ರ ಮನೆತನದಲ್ಲೇ ಉಳಿಯಿತು. ಅಂದರೆ ದೊಡ್ಡದಾಗುವುದು ಬೇರೆ, ಮನೆಯದಾಗಿ ಉಳಿಯುವುದು ಬೇರೆ. ಯಾವುದು ಬೇಕು ಅಂತ ಮನೆಯವರನ್ನು ಕೇಳಬೇಕಲ್ಲವಾ? ನಮ್ಮನ್ನು ಯಾರೂ ಕೇಳಲಿಲ್ಲ. ಮಾವನವರಿಗೆ ಬೇಕಿರುವುದು ಐದು ಊರು ಅಲ್ಲ, ಸಾಲ ಇಲ್ಲದ ಅಂಗಡಿ ಮತ್ತು ಮಗ ಊರಲ್ಲೇ ಇರುವುದು.

ನಿಜವಾದ ತಲೆಬಿಸಿ ಶುರುವಾದದ್ದು ಫಂಡ್ ವಿಷಯ ಬಂದಾಗ. ಫಂಡ್ ಬೇಕಾದರೆ ಕೇಂದ್ರ ಸರ್ಕಾರದ ಸ್ಟಾರ್ಟಪ್ ಇಂಡಿಯಾ ಮಾನ್ಯತೆ ಬೇಕು ಅಂದರು. ಆ ಮಾನ್ಯತೆ ಪ್ರೈವೇಟ್ ಲಿಮಿಟೆಡ್, ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ), ನೋಂದಾಯಿತ ಪಾಲುದಾರಿಕೆಯಂಥವಕ್ಕೆ ಸಿಗುತ್ತದೆ. ಒಬ್ಬರ ಹೆಸರಲ್ಲಿರುವ ಅಂಗಡಿಗೆ ಇಲ್ಲ. ಹಾಗಾದರೆ ಮಗನ ಹೆಸರಲ್ಲಿ ಹೊಸ ಕಂಪನಿ ಮಾಡಿ, ವ್ಯಾಪಾರ ಅದಕ್ಕೆ ತಿರುಗಿಸಿ ಅಂತ ಸಲಹೆ ಬಂತು. ಆದರೆ ಅದೇ ನಿಯಮದಲ್ಲಿ, ಹಳೆಯ ವ್ಯಾಪಾರವನ್ನು ಒಡೆದು ಅಥವಾ ಮತ್ತೆ ಕಟ್ಟಿ ಮಾಡಿದ ಸಂಸ್ಥೆಯನ್ನು ಸ್ಟಾರ್ಟಪ್ ಅಂತ ಪರಿಗಣಿಸುವುದಿಲ್ಲ ಎಂದು ಬರೆದಿದೆ. ಶುರುವಿನ ಬಂಡವಾಳಕ್ಕೆ ಅಂತ 2021ರಲ್ಲಿ ಬಂದ ಸೀಡ್ ಫಂಡ್ ಯೋಜನೆಯೂ ಅಷ್ಟೆ, ಅರ್ಜಿ ಹಾಕುವಾಗ ಕಂಪನಿಗೆ ಎರಡು ವರ್ಷ ಮೀರಿರಬಾರದು ಅಂತಿತ್ತು. ಇಪ್ಪತ್ತು ಮೂವತ್ತು ವರ್ಷದಿಂದ ಬಾಗಿಲು ತೆರೆದಿರುವ ಅಂಗಡಿಗೆ ಆ ವಯಸ್ಸೇ ಅಡ್ಡಿ. ಜೊತೆಗೆ ಇನ್‌ಕ್ಯುಬೇಟರ್‌ಗೂ ಕಂಪನಿಯಲ್ಲಿ ಸ್ವಲ್ಪ ಪಾಲು ಕೊಡಬೇಕು. ಆ್ಯಪ್ ಕಂಪನಿಗಳಿಗೆ ಇದು ಮಾಮೂಲು. ಮನೆಯಲ್ಲಿ ಮಾತ್ರ ಇದನ್ನು ಹೇಳಿದ ದಿನ ಮಾವನವರು ಊಟದ ತಟ್ಟೆ ಮುಂದಿಟ್ಟುಕೊಂಡು, "ನಮ್ಮ ಮನಿ ಪಾಲು ಮಾಡಾಕ ಬಂದಾರೇನು?" ಅಂದರು. ಮೈದುನನಿಗೆ ತನ್ನನ್ನು ಹೊರಗಿಟ್ಟು ಅಣ್ಣ ಕಂಪನಿ ಮಾಡುತ್ತಿದ್ದಾನೆ ಅನ್ನಿಸಿತು. ಸಲಹೆ ಕೊಟ್ಟವರು ಸಂಜೆ ಬಸ್ಸಿಗೆ ಹೋದರು. ಜಗಳ ನಮ್ಮ ಮನೆಯಲ್ಲಿ ಉಳಿಯಿತು, ಸುಮಾರು ದಿನ.

ಕಂಪನಿ ಮಾಡಲಿಲ್ಲ. ಅದೇ ಲೆಕ್ಕದ ಸರ್ ಬೇರೆ ದಾರಿ ತೋರಿಸಿದರು. ಪಿಎಂಎಫ್‌ಎಂಇ. ಉದ್ದ ಹೆಸರು, ಪ್ರಧಾನ ಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆ, 2020ರಲ್ಲಿ ಬಂದದ್ದು. ನಮ್ಮಂಥ ಒಬ್ಬರ ಹೆಸರಿನ ಅಂಗಡಿಗೂ ಆಗುತ್ತದೆ. ಯೋಜನೆಯ ಖರ್ಚಿನ ಮೇಲೆ ಕೇಂದ್ರದ ಕಡೆಯಿಂದ 35 ಪರ್ಸೆಂಟ್, 10 ಲಕ್ಷದವರೆಗೆ. ಕರ್ನಾಟಕ ಸರ್ಕಾರ ಅದರ ಮೇಲೆ ಇನ್ನೂ 15 ಪರ್ಸೆಂಟ್ ಸೇರಿಸುತ್ತದೆ, ಒಟ್ಟು ಅರ್ಧ, 15 ಲಕ್ಷದವರೆಗೆ. ನಮ್ಮ ಕೈಯಿಂದ ಕನಿಷ್ಠ 10 ಪರ್ಸೆಂಟ್ ಹಾಕಬೇಕು, ಉಳಿದದ್ದು ಬ್ಯಾಂಕ್ ಸಾಲ. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕೆಪೆಕ್, ಅಂದರೆ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತಿನ ಸರ್ಕಾರಿ ನಿಗಮ. ಜಿಲ್ಲೆಗೊಂದು ಉತ್ಪನ್ನ ಅಂತ ಹೇಳುತ್ತಾರಲ್ಲ, ತುಮಕೂರಿಗೆ ತೆಂಗು, ಬೆಳಗಾವಿಗೆ ಬೆಲ್ಲ, ಕಲಬುರಗಿಗೆ ತೊಗರಿ, ಕೊಡಗಿಗೆ ಕಾಫಿ, ಅದೂ ಈ ಯೋಜನೆಯದೇ. ಬೇರೆ ಪದಾರ್ಥ ಮಾಡುವವರೂ ಕೇಳಿ ನೋಡಬಹುದು. ಅವಧಿ ಒಮ್ಮೆ ವಿಸ್ತರಣೆ ಆಗಿದೆ, ಹಾಗಾಗಿ ನೀವು ಹೋಗುವ ಹೊತ್ತಿಗೆ ಅರ್ಜಿ ತಗೊಳ್ಳುತ್ತಿದ್ದಾರಾ ಅಂತ ಮೊದಲು ಜಿಲ್ಲೆಯ ಕೃಷಿ ಇಲಾಖೆಯಲ್ಲಿ ಕೇಳಿಕೊಳ್ಳಿ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ನೆನಪಿಡಿ. ಸಬ್ಸಿಡಿ ಕೈಗೆ ಬರುವ ದುಡ್ಡಲ್ಲ. ಬ್ಯಾಂಕಿನಲ್ಲಿ ನಿಮ್ಮ ಸಾಲದ ಜೊತೆ ಬೇರೆ ಖಾತೆಯಲ್ಲಿ ಕೂತಿರುತ್ತದೆ. ಮೂರು ವರ್ಷ ಕಂತು ತಪ್ಪದೆ ಕಟ್ಟಿ, ಘಟಕ ನಡೆಯುತ್ತಾ ಇದ್ದರೆ ಆಗ ಸಾಲಕ್ಕೆ ಜಮಾ ಆಗುತ್ತದೆ. ಅರ್ಧ ಸಾಲ ಮನ್ನಾ ಅಂತ ತಿಳಿದು ದೊಡ್ಡ ಯಂತ್ರ ತಂದು, ಕಂತು ಕಟ್ಟಲಾಗದೆ ಒದ್ದಾಡುತ್ತಿರುವವರನ್ನು ನೋಡಿದ್ದೇನೆ. ಇನ್ನೊಂದು, ಅರ್ಜಿಗೆ ಸಹಾಯ ಮಾಡಲು ಜಿಲ್ಲಾ ಸಂಪನ್ಮೂಲ ವ್ಯಕ್ತಿ ಅಂತ ಇರುತ್ತಾರೆ. ಅವರಿಗೆ ಸರ್ಕಾರವೇ ಹಣ ಕೊಡುತ್ತದೆ. ನೀವು ಕೊಡಬೇಕಾಗಿಲ್ಲ. ನಮ್ಮ ಅರ್ಜಿ ಒಂದು ಬ್ಯಾಂಕಿನಲ್ಲಿ ಸುಮ್ಮನೆ ಬಿದ್ದಿತ್ತು, ಅಡಮಾನ ಏನಿದೆ ಅಂತ ಕೇಳುತ್ತಿದ್ದರು. ಸಣ್ಣ ಉದ್ಯಮಗಳಿಗೆ ಕನಿಷ್ಠ 10 ಲಕ್ಷದವರೆಗಿನ ಸಾಲಕ್ಕೆ ಅಡಮಾನ ಕೇಳಬಾರದು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಇನ್‌ಕ್ಯುಬೇಟರ್‌ನವರು ಅದನ್ನು ತೋರಿಸಿ ಒಂದು ಪತ್ರ ಬರೆದುಕೊಟ್ಟರು. ಆಮೇಲೆ ಫೈಲು ಅಲುಗಾಡಿತು. ಇದಕ್ಕೆ ಅವರಿಗೆ ಪೂರ್ತಿ ಅಂಕ.

ಮಾರಾಟದ ಕಡೆ ಸಹಾಯ ಅಷ್ಟಕ್ಕಷ್ಟೇ. ನಮ್ಮ ಮಾಲು ಕೊಳ್ಳುವವರಿಗೆ ತೋರಿಸಲು ಡೆಮೊ ಡೇ ಅಂತ ಮಾಡಿದರು, ಕೆಲವು ಸೂಪರ್ ಮಾರ್ಕೆಟ್‌ನವರು ಬಂದಿದ್ದರು. ಒಬ್ಬರು ಮಾಲು ತಗೊಂಡರು, ದುಡ್ಡು ಮಾತ್ರ ತಿಂಗಳುಗಟ್ಟಲೆ ಬರಲಿಲ್ಲ. ನಮ್ಮಂಥವರ ಬಂಡವಾಳವೆಲ್ಲ ಅಲ್ಲೇ ಸಿಕ್ಕಿಕೊಂಡರೆ ಮುಂದಿನ ಶೇಂಗಾ ಎಲ್ಲಿಂದ ತರುವುದು? ಉದ್ಯಮ್ ನೋಂದಣಿ ಇರುವ ಕಿರು ಉದ್ಯಮಕ್ಕೆ ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು ಅಂತ ಕಾನೂನಿದೆ. ಕೊಡದಿದ್ದರೆ ಕೊಂಡವರಿಗೆ ಆ ಖರ್ಚನ್ನು ಆ ವರ್ಷದ ಆದಾಯ ತೆರಿಗೆ ಲೆಕ್ಕದಲ್ಲಿ ತೋರಿಸಲು ಆಗುವುದಿಲ್ಲ. ಈಗ ಪ್ರತಿ ಬಿಲ್ಲಿನ ಮೇಲೂ ಉದ್ಯಮ್ ಸಂಖ್ಯೆ ಹಾಕುತ್ತೇನೆ. ಇದನ್ನು ಡೆಮೊ ಡೇಗೆ ಮುಂಚೆ ಹೇಳಿಕೊಡಬೇಕಿತ್ತು. ಅಂದಹಾಗೆ 2025ರ ಸೆಪ್ಟೆಂಬರ್ 22ರಿಂದ ಸಾದಾ ಚಪಾತಿ, ರೊಟ್ಟಿಗೆ ಜಿಎಸ್‌ಟಿ ಶೂನ್ಯ, ಮೊದಲು 5 ಪರ್ಸೆಂಟ್ ಇತ್ತು. ಚಟ್ನಿಗೆ ಮಾತ್ರ ಬೇರೆ ಲೆಕ್ಕ, ನಿಮ್ಮ ತೆರಿಗೆಯವರನ್ನು ಕೇಳಿ.

ಇನ್‌ಕ್ಯುಬೇಟರ್ ಬೇಡ, ಕೆಲಸ ಕಲಿತರೆ ಸಾಕು ಅನ್ನುವವರಿಗೆ ಬೇರೆ ಜಾಗಗಳಿವೆ. ಸ್ವ ಉದ್ಯೋಗದ ತರಬೇತಿ ಕೊಡಲು 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಗೊತ್ತಿರಬಹುದು. ಅದೇ ಮಾದರಿಯ ಆರ್‌ಸೆಟಿಗಳು ಈಗ ದೇಶದ ಹೆಚ್ಚುಕಡಿಮೆ ಎಲ್ಲ ಜಿಲ್ಲೆಗಳಲ್ಲಿವೆ, ಬ್ಯಾಂಕುಗಳು ನಡೆಸುತ್ತವೆ. ಹಪ್ಪಳ, ಉಪ್ಪಿನಕಾಯಿ, ಮಸಾಲಾ ಪುಡಿ ತರಬೇತಿ ಅಲ್ಲಿ ಊಟ ವಸತಿ ಸಮೇತ ಉಚಿತ, ಕನ್ನಡದಲ್ಲೇ. ನಮ್ಮ ಓಣಿಯ ಹುಡುಗಿಯೊಬ್ಬಳು ಅಲ್ಲಿ ಕಲಿತು ಬಂದು ನಮಗಿಂತ ಚೆನ್ನಾಗಿ ಲೆಕ್ಕ ಇಡುತ್ತಿದ್ದಾಳೆ. ಆಹಾರದ ತಾಂತ್ರಿಕ ಪ್ರಶ್ನೆ ಇದ್ದರೆ ಮೈಸೂರಿನ ಸಿಎಫ್‌ಟಿಆರ್‌ಐ ಇದೆ, 1950ರಿಂದ ಚೆಲುವಾಂಬ ಅರಮನೆಯಲ್ಲಿರುವ ಕೇಂದ್ರದ ಆಹಾರ ಸಂಶೋಧನಾ ಸಂಸ್ಥೆ, ಸಣ್ಣ ಅವಧಿಯ ಕೋರ್ಸುಗಳನ್ನೂ ನಡೆಸುತ್ತದೆ. ಬೆಂಗಳೂರಿನ ಹೆಣ್ಣುಮಕ್ಕಳಿಗೆ 1983ರಿಂದ ಇರುವ ಮಹಿಳಾ ಉದ್ಯಮಿಗಳ ಸಂಘ ಅವೇಕ್ ಇದೆ. ಇನ್ನು ನಿಜವಾಗಿಯೂ ಹೊಸದೊಂದು ಯಂತ್ರವೋ ತಂತ್ರವೋ ಕೈಯಲ್ಲಿದ್ದು, ದೊಡ್ಡದಾಗಿ ಬೆಳೆಸುವ ಮನಸ್ಸೂ ಇದ್ದರೆ ಹುಬ್ಬಳ್ಳಿಯ ದೇಶಪಾಂಡೆ ಸ್ಟಾರ್ಟಪ್ಸ್, ಐಐಎಂ ಬೆಂಗಳೂರಿನ ಎನ್‌ಎಸ್‌ಆರ್‌ಸಿಇಎಲ್ ಅಂಥ ದೊಡ್ಡ ಇನ್‌ಕ್ಯುಬೇಟರ್‌ಗಳನ್ನು ನೋಡಿ. ಅಲ್ಲಿ ನಾನು ಹೋಗಿಲ್ಲ, ಅಂಕ ಕೊಡುವ ಹಕ್ಕು ನನಗಿಲ್ಲ.

ಯಾರು ಸೇರಬಹುದು ಅಂತ ಕೇಳಿದರೆ, ಪ್ಯಾಕೆಟ್ಟಿನಲ್ಲಿ ಮಾರುವ ಆಲೋಚನೆ ಇರುವವರು, ಈಗಾಗಲೇ ಗಿರಾಕಿ ಇರುವವರು ಧೈರ್ಯವಾಗಿ ಸೇರಿ. ಬರೀ ಬಿಸಿ ಊಟ, ಖಾನಾವಳಿ ನಡೆಸುವವರಿಗೆ ಇದರಿಂದ ಅಷ್ಟೇನೂ ಉಪಯೋಗ ಇಲ್ಲ. ಸೇರುವ ಮುಂಚೆ ಶೆಡ್ಡು ತೋರಿಸಿ ಅನ್ನಿ. ಯಂತ್ರದ ಮೇಲೆ ಧೂಳಿದೆಯಾ ಹಿಟ್ಟಿದೆಯಾ ಕಣ್ಣಲ್ಲೇ ನೋಡಿ. ನಾವು ನೋಡಿದ ಇನ್ನೊಂದು ಕಡೆ ಮೇಲಿನ ಪ್ಲಾಸ್ಟಿಕ್ ಹಾಳೆ ಕೂಡ ಬಿಚ್ಚಿರಲಿಲ್ಲ, ಉದ್ಘಾಟನೆಯ ಫೋಟೋ ಮಾತ್ರ ಗೋಡೆ ಮೇಲೆ ದೊಡ್ಡದಾಗಿತ್ತು. ಲ್ಯಾಬ್ ಪರೀಕ್ಷೆ ಶುಲ್ಕದಲ್ಲೇ ಬರುತ್ತದಾ ಬೇರೆಯಾ ಕೇಳಿ. ಪಾಲು ಕೊಡಬೇಕಾ ಅಂತ ನೇರವಾಗಿ ಕೇಳಿ, "ಆಮೇಲೆ ನೋಡೋಣ" ಅಂದರೆ ಬರೆದು ಕೊಡಿ ಅನ್ನಿ. ಹೋದ ವರ್ಷ ಸೇರಿದವರಲ್ಲಿ ಅಂಗಡಿಯವರು ಯಾರಿದ್ದರೋ ಅವರ ಫೋನ್ ನಂಬರ್ ತಗೊಂಡು ಮಾತಾಡಿ.

ನಾವು ಈಗ ಸದಸ್ಯತ್ವ ಮುಂದುವರಿಸಿಲ್ಲ. ಶೆಡ್ಡು ಮಾತ್ರ ಬಾಡಿಗೆಗೆ ಸಿಗುತ್ತದೆ, ಹೊರಗಿನವರಿಗೆ ದರ ಸ್ವಲ್ಪ ಜಾಸ್ತಿ. ಹಬ್ಬದ ಸೀಸನ್ನಿನಲ್ಲಿ ಸ್ಲಾಟ್ ಸಿಗುವುದು ಕಷ್ಟ, ದಸರಾಕ್ಕೆ ಬೇಕಾದರೆ ಶ್ರಾವಣದಲ್ಲೇ ಹೇಳಿಡಿ. ಮಂಗಳವಾರ ಬೆಳಿಗ್ಗೆ ಹೋದರೆ ಕುಟ್ಟುವ ಯಂತ್ರ ಖಾಲಿ ಇರುತ್ತದೆ.